ಮೇಷ್ಟ್ರು ನಡೆದು ನೋಡಬೇಕಾದ ದಾರಿ

ಪ್ರಾರ್ಥನೆ ಮುಗಿದು ಹಾಜರಿ ಕೂಗುವ ಹೊತ್ತು. ಬಾಗಿಲ ಬಳಿ ಒಬ್ಬ ಹುಡುಗ ಬಂದು ನಿಲ್ಲುತ್ತಾನೆ. ಕಾಲಿಗೆ ಕೆಸರು, ಹಣೆಯ ಮೇಲೆ ಬೆವರು. ‘ಯಾಕೋ, ಇವತ್ತೂ ತಡವೇ?’ ಎಂದು ಒಳಗಿನಿಂದ ಪ್ರಶ್ನೆ. ‘ನಾಲೆ ಬಳಸ್ಕಂಡು ಬರ್ಬೇಕು ಸಾ...’ ಎಂದು ಬಾಗಿಲಿನಿಂದ ಉತ್ತರ. ತರಗತಿ ನಗುತ್ತದೆ. ಹುಡುಗ ತಲೆ ತಗ್ಗಿಸಿ ಕೊನೆಯ ಸಾಲಿಗೆ ಹೋಗುತ್ತಾನೆ. ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಓದಿದವರಿಗಾಗಲಿ, ಪಾಠ ಹೇಳಿದವರಿಗಾಗಲಿ ಇದು ಹೊಸ ದೃಶ್ಯವಲ್ಲ.

ಈಗ ಒಂದು ಸಣ್ಣ ಲೆಕ್ಕ. ಆ ಹುಡುಗನ ಮನೆ ಶಾಲೆಯ ಅಂಗಳದಿಂದಲೇ ಕಾಣುತ್ತದೆ ಎಂದಿಟ್ಟುಕೊಳ್ಳಿ. ನೇರವಾಗಿ ಅಳೆದರೆ 600 ಮೀಟರ್. ಆದರೆ ನಡುವೆ ನಾಲೆಯಿದೆ. ಸೇತುವೆ ಇರುವುದು 900 ಮೀಟರ್ ಆಚೆ. ಏರಿಯ ಮೇಲೆ ಸೇತುವೆಯವರೆಗೆ ಹೋಗಿ, ದಾಟಿ, ಅಷ್ಟೇ ದೂರ ಹಿಂದಕ್ಕೆ ಬರಬೇಕು. ಎಲ್ಲ ಸೇರಿ 2,400 ಮೀಟರ್. ಗಂಟೆಗೆ 3 ಕಿಲೋಮೀಟರ್ ನಡೆಯುವ ಪುಟ್ಟ ಹುಡುಗನಿಗೆ 12 ನಿಮಿಷದ ದಾರಿ 48 ನಿಮಿಷದ ದಾರಿಯಾಯಿತು. ಹೆಚ್ಚಾದ 36 ನಿಮಿಷಕ್ಕೆ ಹಾಜರಿ ಪುಸ್ತಕದಲ್ಲಿ ಜಾಗವಿಲ್ಲ. ಅಲ್ಲಿರುವುದು ಹೆಸರಿನ ಮುಂದೆ ಒಂದು ಗುರುತು ಮಾತ್ರ. ಆ ಗುರುತು ನಾಲ್ಕು ದಿನ ಬಿದ್ದರೆ ಹುಡುಗ ‘ಸೋಮಾರಿ’ ಆಗುತ್ತಾನೆ. ನಾಲ್ಕು ತಿಂಗಳು ಬಿದ್ದರೆ ಶಾಲೆಯನ್ನೇ ಬಿಡಬಹುದು.

ಶಿಕ್ಷಕರಾಗಲು ಹೊರಟವರಿಗೆ ಮನೋವಿಜ್ಞಾನ ಕಲಿಸುತ್ತೇವೆ, ಪಾಠ ಯೋಜನೆ ಬರೆಯಲು ಕಲಿಸುತ್ತೇವೆ, ಕಪ್ಪು ಹಲಗೆಯ ಮೇಲೆ ದುಂಡಗೆ ಬರೆಯುವುದನ್ನೂ ಕಲಿಸುತ್ತೇವೆ. ಮಗು ಶಾಲೆಗೆ ಬರುವ ದಾರಿಯನ್ನು ಓದುವುದನ್ನು ಮಾತ್ರ ಕಲಿಸುವುದು ಅಪರೂಪ. ಅದನ್ನು ಕಲಿಸಲು ದುಬಾರಿ ಉಪಕರಣವೇನೂ ಬೇಡ. ಒಂದು ಹಾಳೆ, ಪೆನ್ಸಿಲ್, ಹುರಿ, ಗಡಿಯಾರ ಮತ್ತು ನಡೆಯಲು ಸಿದ್ಧವಿರುವ ಕಾಲು ಇದ್ದರೆ ಸಾಕು. ಇದೇ ನಕ್ಷೆ ಬರೆಯುವ ಚಟುವಟಿಕೆ.

ಸ್ಥಳಕ್ಕೂ ನ್ಯಾಯವಿದೆ

ನ್ಯಾಯ ಎಂದೊಡನೆ ನಮಗೆ ನೆನಪಾಗುವುದು ಕೋರ್ಟು, ಕಾನೂನು, ಕೂಲಿ, ಮೀಸಲಾತಿ. ಯಾವುದು ಎಲ್ಲಿದೆ ಎಂಬುದರಲ್ಲೂ ನ್ಯಾಯ ಅನ್ಯಾಯಗಳಿವೆ ಎಂದು ಭೂಗೋಳ ಶಾಸ್ತ್ರಜ್ಞರು ಹೇಳುತ್ತಾರೆ. ಫ್ರಾನ್ಸಿನ ಚಿಂತಕ ಆನ್ರಿ ಲೆಫೆವ್ರ್ 1968ರಲ್ಲಿ ನಗರದ ಮೇಲೆ ಅಲ್ಲಿ ವಾಸಿಸುವ ಎಲ್ಲರಿಗೂ ಹಕ್ಕಿದೆ ಎಂದು ವಾದಿಸಿದರು. ಡೇವಿಡ್ ಹಾರ್ವೆ 1973ರಲ್ಲಿ ನಗರ ಮತ್ತು ಸಾಮಾಜಿಕ ನ್ಯಾಯವನ್ನು ಕುರಿತ ಪುಸ್ತಕ ಬರೆದರು. ಅಮೆರಿಕದ ಎಡ್ವರ್ಡ್ ಸೋಜಾ 2010ರಲ್ಲಿ ಈ ವಿಚಾರವನ್ನೇ ಮುಂದಿಟ್ಟು ಒಂದು ಗ್ರಂಥ ಪ್ರಕಟಿಸಿದರು. ಇದನ್ನು ಕನ್ನಡದಲ್ಲಿ ‘ಸ್ಥಳನ್ಯಾಯ’ ಎನ್ನಬಹುದು. ಶಾಲೆ, ಆಸ್ಪತ್ರೆ, ನಲ್ಲಿ, ಬಸ್ ನಿಲ್ದಾಣ, ಸೇತುವೆ ಇವು ಯಾರಿಗೆ ಹತ್ತಿರ, ಯಾರಿಗೆ ದೂರ? ಹೀಗೆ ಹತ್ತಿರವೋ ದೂರವೋ ಆದದ್ದು ತಾನಾಗಿಯೇ, ಅಥವಾ ಯಾರೋ ಎಂದೋ ಮಾಡಿದ ತೀರ್ಮಾನದಿಂದಲೇ? ಸ್ಥಳನ್ಯಾಯ ಕೇಳುವುದು ಈ ಎರಡು ಪ್ರಶ್ನೆಗಳನ್ನು.

ಇದು ಹೊರನಾಡಿನಿಂದ ಬಂದ ವಿಚಾರ ಎಂದು ಭಾವಿಸಬೇಕಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರನ್ನು ಡಾ. ಬಿ.ಆರ್. ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದಾಗ ಕೇಳಿದ್ದು ಇದೇ ಪ್ರಶ್ನೆ. ಕೆರೆ ಎದುರಿಗೇ ಇತ್ತು. ಅದನ್ನು ದೂರ ಮಾಡಿದ್ದು ಸಮಾಜ. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರು ಕೇರಿ’ ಎಂದು ಹೆಸರಿಟ್ಟರು. ಆ ಎರಡು ಪದಗಳೇ ಒಂದು ನಕ್ಷೆ.

ನಮ್ಮ ಸರ್ಕಾರವೂ ಈ ಪ್ರಶ್ನೆ ಕೇಳಿದೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ತೂಗಿದ ಸಮಿತಿ, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ತಾಲ್ಲೂಕನ್ನು ಹೀಗೆ ತೂಗಬಹುದಾದರೆ ಊರನ್ನೂ ತೂಗಬಹುದು. ಊರನ್ನು ತೂಗಬಹುದಾದರೆ ಬೀದಿಯನ್ನೂ ತೂಗಬಹುದು. ತಾಲ್ಲೂಕಿನ ಸರಾಸರಿ ಚೆನ್ನಾಗಿದೆ ಎಂದ ಮಾತ್ರಕ್ಕೆ ನಾಲೆಯಾಚೆಯ ಹುಡುಗನ 36 ನಿಮಿಷ ಕಡಿಮೆಯಾಗುವುದಿಲ್ಲ.

ಗೆದ್ದವರು ಬರೆಸಿದ ನಕ್ಷೆ

ನಕ್ಷೆಯ ಪಾಠವನ್ನು ಶ್ರೀರಂಗಪಟ್ಟಣದಿಂದ ಆರಂಭಿಸುವುದಕ್ಕೆ ಕಾರಣವಿದೆ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಆ ಮುತ್ತಿಗೆಯಲ್ಲಿದ್ದ ಇಂಗ್ಲಿಷರ ಕಡೆಯ ಇಬ್ಬರು ಅಧಿಕಾರಿಗಳು ಮುಂದೆ ಹೆಸರಾದದ್ದು ಅಳತೆಯಿಂದ. ಒಬ್ಬ ಕಾಲಿನ್ ಮೆಕೆಂಜಿ. ಯುದ್ಧ ಮುಗಿದೊಡನೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಅವನ ಜೊತೆ ಊರೂರು ಸುತ್ತಿ ಶಾಸನ, ಕಡತ, ಕತೆಗಳನ್ನು ಕೂಡಿಸಿದವರು ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ನಮ್ಮ ದೇಶದವರೇ. ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಇಡೀ ಭಾರತವನ್ನು ತ್ರಿಕೋನಗಳ ಸರಪಳಿಯಿಂದ ಅಳೆದ ಮಹಾ ತ್ರಿಕೋನಮಿತಿ ಸರ್ವೆಗೆ 1802ರಲ್ಲಿ ಮದರಾಸಿನಲ್ಲಿ ನಾಂದಿ ಹಾಡಿದವನು ಅವನೇ.

ಗೆದ್ದವರಿಗೆ ನಕ್ಷೆ ಏಕೆ ಬೇಕಿತ್ತು? ಸೈನ್ಯ ನಡೆಸಲು, ಗಡಿ ಗುರುತಿಸಲು, ಕಂದಾಯ ಗೊತ್ತುಮಾಡಲು. ಆದ್ದರಿಂದ ಅವರಿಗೆ ಬೇಕಾದದ್ದು ನಕ್ಷೆಯಲ್ಲಿ ಬಂತು, ಬೇಡವಾದದ್ದು ಬಿಟ್ಟುಹೋಯಿತು. ಹೆಸರುಗಳಿಗೂ ಇದೇ ಪಾಡು. ಇಂದಿನ ಪಾಂಡವಪುರವನ್ನು ಸ್ಥಳೀಯರು ಹಿರೋಡೆ ಎನ್ನುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ದಂಡು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ನಕ್ಷೆಗಳಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯಿತು. ಊರಿನ ಜನ ಏನೆನ್ನುತ್ತಾರೆ ಎಂಬುದಕ್ಕಿಂತ ನಕ್ಷೆ ಬರೆದವರು ಏನೆನ್ನುತ್ತಾರೆ ಎಂಬುದೇ ಬಹುಕಾಲ ನಡೆಯಿತು. ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ ಎಂಬುದು ಇಂದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ನಕ್ಷೆಯ ಅಳತೆಯಲ್ಲೂ ಒಂದು ಗುಟ್ಟಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಈ ನಾಲ್ಕು ತಾಲ್ಲೂಕು ಕೇಂದ್ರಗಳು 57 ಡಿ ಎಂಬ ಗುಂಪಿನ ಹಾಳೆಗಳಲ್ಲಿ ಸಿಗುತ್ತವೆ. 1:50,000 ಅಳತೆಯ ಹಾಳೆಯಲ್ಲಿ ನೆಲದ 1 ಕಿಲೋಮೀಟರ್ ಎಂದರೆ 2 ಸೆಂಟಿಮೀಟರ್. ಊರಿಗೂ ಕೇರಿಗೂ ನಡುವೆ 100 ಮೀಟರ್ ಅಂತರವಿದ್ದರೆ ಅದು ಹಾಳೆಯ ಮೇಲೆ 2 ಮಿಲಿಮೀಟರ್. ಶತಮಾನಗಳ ಅಂತರ ಪೆನ್ಸಿಲ್ ಮೊನೆಯಷ್ಟು ಜಾಗದಲ್ಲಿ ಅಡಗಿ ಕುಳಿತಿರುತ್ತದೆ.

ಇನ್ನು ಸರ್ವೆ ಇಲಾಖೆಯ ಗ್ರಾಮನಕ್ಷೆ. ಒಂದು ಮೈಲಿಗೆ 8 ಅಂಗುಲದ ಈ ನಕ್ಷೆಯಲ್ಲಿ ಸರ್ವೆ ನಂಬರು, ಬಂಡಿದಾರಿ, ಹಳ್ಳ, ಕೆರೆ, ಗ್ರಾಮಠಾಣ ಎಲ್ಲ ಇರುತ್ತವೆ. 33 ಅಡಿಯ ಸರಪಳಿಯಲ್ಲಿ ಅಳೆದ ನಕ್ಷೆ ಅದು. 33 ಅಡಿ ಉದ್ದ 33 ಅಡಿ ಅಗಲವಾದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ರೈತರ ಮಕ್ಕಳಿಗೆ ಮನೆಯಲ್ಲೇ ಗೊತ್ತು. ಆದರೆ ಈ ನಕ್ಷೆ ಹೇಳುವುದು ಯಾವ ಜಮೀನು ಎಲ್ಲಿದೆ, ಎಷ್ಟಿದೆ ಎಂಬುದನ್ನು. ಜಮೀನೇ ಇಲ್ಲದವರ ಬದುಕು ಅದರಲ್ಲಿ ಕಾಣದು. ನೀರಿಗೆ ನಡೆಯುವ ಹೆಂಗಸರ ದಾರಿಯಾಗಲಿ, ಮಕ್ಕಳು ಹೆದರಿ ಓಡಿ ದಾಟುವ ತಿರುವಾಗಲಿ ಅದರಲ್ಲಿಲ್ಲ. ಅವನ್ನು ಬರೆಯುವ ಕೆಲಸ ಇನ್ನೂ ಬಾಕಿ ಇದೆ. ಭಾವಿ ಶಿಕ್ಷಕರಿಗೆ ಒಪ್ಪಿಸಬೇಕಾದ್ದು ಆ ಬಾಕಿ ಕೆಲಸವನ್ನೇ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಮಂಡ್ಯ ಜಿಲ್ಲೆಯನ್ನು ಹೊರಗಿನವರು ಒಂದೇ ಹಸಿರು ಗದ್ದೆ ಎಂದು ತಿಳಿಯುತ್ತಾರೆ. ಒಳಗಿನವರಿಗೆ ಗೊತ್ತು, ಇಲ್ಲಿ ನೀರು ಬಂದ ಸೀಮೆ ಬೇರೆ, ನೀರಿಗೆ ಕಾದ ಸೀಮೆ ಬೇರೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆರಂಭಕ್ಕೆ ಮುಗಿಯಿತು. ಇರ್ವಿನ್ ನಾಲೆ ಎಂದು ಹೆಸರು ಪಡೆದು ಮುಂದೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಕಬ್ಬು, ಭತ್ತ, ಆಲೆಮನೆ, ಸಕ್ಕರೆ ಕಾರ್ಖಾನೆಗಳನ್ನು ತಂದಿತು. ಆ ನೀರು ಹತ್ತದ ಎತ್ತರದ ನೆಲ ರಾಗಿ, ಹುರುಳಿ, ತೆಂಗನ್ನು ನಂಬಿ ಉಳಿಯಿತು. ಒಂದೇ ಜಿಲ್ಲೆ, ಎರಡು ಬದುಕು.

ಶ್ರೀರಂಗಪಟ್ಟಣದಲ್ಲಿ ಕೈಗೊಳ್ಳಬಹುದಾದ ಚಟುವಟಿಕೆ ಹೆದ್ದಾರಿಯದು. 118 ಕಿಲೋಮೀಟರ್ ಉದ್ದದ ಬೆಂಗಳೂರು ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ ಮೇಲೆ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಜೀವ ಉಳಿಸುವ ದೃಷ್ಟಿಯಿಂದ ಅದು ಬೇಕಾದ ಕ್ರಮವೇ ಇರಬಹುದು. ಆದರೆ ನಕ್ಷೆಯ ಪ್ರಶ್ನೆ ಬೇರೆ. ಹೆದ್ದಾರಿಯ ಎರಡೂ ಬದಿಯ ಊರುಗಳನ್ನು ಗುರುತಿಸಿ, ಕೆಳಸೇತುವೆಗಳನ್ನು ಗುರುತಿಸಿ. ಈಚೆಯ ಮನೆಯಿಂದ ಆಚೆಯ ಗದ್ದೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ಈಗಿನ ದಾರಿಯನ್ನು ಒಂದು ಬಣ್ಣದಲ್ಲಿ ಬರೆಯಿರಿ. ಹಿರಿಯರನ್ನು ಕೇಳಿ ಹಿಂದಿನ ದಾರಿಯನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ದೂರದ ಮೈಸೂರು ಯಾರಿಗೆ ಹತ್ತಿರವಾಯಿತು, ಪಕ್ಕದ ಗದ್ದೆ ಯಾರಿಗೆ ದೂರವಾಯಿತು ಎಂಬುದು ಒಂದೇ ಹಾಳೆಯ ಮೇಲೆ ಕಾಣುತ್ತದೆ.

ಪಾಂಡವಪುರದ ಪಾಠ ಕಣ್ಣೀರಿನದು. 2018ರ ನವೆಂಬರ್ 24ರ ಶನಿವಾರ, ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಅನ್ನ ಕೊಟ್ಟ ನಾಲೆಯ ಏರಿಯೇ ಇಲ್ಲಿ ಅನೇಕ ಊರುಗಳಿಗೆ ರಸ್ತೆ. ಇಲ್ಲಿ ಪ್ರಶಿಕ್ಷಣಾರ್ಥಿಗಳು ಬರೆಯಬೇಕಾದ್ದು ಅಪಾಯದ ನಕ್ಷೆ. ನಾಲೆಯುದ್ದಕ್ಕೂ ನಡೆದು ತಡೆಗೋಡೆ ಎಲ್ಲಿದೆ, ಎಲ್ಲಿಲ್ಲ, ತಿರುವು ಎಲ್ಲಿದೆ, ದೀಪ ಎಲ್ಲಿಲ್ಲ, ಬಟ್ಟೆ ಒಗೆಯಲು ಇಳಿಯುವ ಸೋಪಾನ ಎಲ್ಲಿದೆ, ಮಕ್ಕಳು ಎಲ್ಲಿ ಈಜಲು ಇಳಿಯುತ್ತಾರೆ ಎಂಬುದನ್ನು ಗುರುತಿಸುವುದು. ಅದರ ಮೇಲೆ ಶಾಲೆಗೆ ಬರುವ ಮಕ್ಕಳ ದಾರಿಗಳನ್ನು ಎಳೆದರೆ ತಡೆಗೋಡೆ ಮೊದಲು ಎಲ್ಲಿ ಬೇಕು ಎಂದು ಭಾಷಣವಿಲ್ಲದೆ ತಿಳಿಯುತ್ತದೆ.

ಕೃಷ್ಣರಾಜಪೇಟೆಯಲ್ಲಿ ಹೊತ್ತಿನ ನಕ್ಷೆ ಬರೆಯಬಹುದು. ಕಸಬಾ, ಕಿಕ್ಕೇರಿ, ಬೂಕನಕೆರೆ, ಅಕ್ಕಿಹೆಬ್ಬಾಳು, ಶೀಳನೆರೆ, ಸಂತೇಬಾಚಹಳ್ಳಿ ಎಂದು ಆರು ಹೋಬಳಿಗಳ ಹರಹು ಈ ತಾಲ್ಲೂಕಿನದು. ಒಂದು ಕಡೆ ಹೇಮಾವತಿ ಹೊಳೆ, ಇನ್ನೊಂದು ಕಡೆ ಕೃಷ್ಣರಾಜಸಾಗರದ ಹಿನ್ನೀರು. ಮೈಸೂರು ಅರಸೀಕೆರೆ ರೈಲು ಅಕ್ಕಿಹೆಬ್ಬಾಳು, ಮಂದಗೆರೆಗಳ ಮೂಲಕ ಹೋಗುತ್ತದೆ, ಆದರೆ ಪೇಟೆಗೆ ರೈಲಿಲ್ಲ. ಹಳ್ಳಿಯ ಹುಡುಗಿ ಹತ್ತನೇ ತರಗತಿಯ ನಂತರ ಪಿ.ಯು.ಸಿ. ಸೇರಬೇಕಾದರೆ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಸಂಜೆ ಬಸ್ಸು ಎಷ್ಟೊತ್ತಿಗೆ?’ ಎಂಬುದು. ಕಿಲೋಮೀಟರ್ ಎಷ್ಟೆಂದು ಕೇಳುವವರು ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಸರಿ, ಆದರೆ ಆ ಊರಿಗೆ ಬಸ್ಸೇ ಬರದಿದ್ದರೆ? ಕಾಲೇಜಿನಿಂದ ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆಯಲ್ಲಿ ತಲುಪಬಹುದಾದ ಊರುಗಳನ್ನು ಬೇರೆ ಬೇರೆ ಬಣ್ಣದಲ್ಲಿ ತುಂಬಿದರೆ, ಹತ್ತಿರದ ಊರೊಂದು ದೂರದ ಬಣ್ಣಕ್ಕೆ ಬೀಳುವುದು ಕಾಣಬಹುದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1881ರಲ್ಲಿ ಲಂಡನ್ನಿನಿಂದ ಜಗತ್ತಿನ ಯಾವ ಭಾಗಕ್ಕೆ ಎಷ್ಟು ದಿನದ ಪಯಣ ಎಂದು ಹೀಗೆಯೇ ಬಣ್ಣ ತುಂಬಿ ತೋರಿಸಿದ್ದ. ಅದೇ ಉಪಾಯ ಕಿಕ್ಕೇರಿಯ ಬಸ್ ನಿಲ್ದಾಣಕ್ಕೂ ಹೊಂದುತ್ತದೆ.

ನಾಗಮಂಗಲದ ಪಾಠ ನೀರಿನದು. ಕಸಬಾ, ಬೆಳ್ಳೂರು, ಬಿಂಡಿಗನವಿಲೆ, ದೇವಲಾಪುರ, ಹೊಣಕೆರೆ ಹೋಬಳಿಗಳ ಈ ತಾಲ್ಲೂಕು ಬಹುಪಾಲು ಮಳೆ, ಕೆರೆ, ಕೊಳವೆಬಾವಿಗಳನ್ನು ನಂಬಿದ್ದು. ಹೇಮಾವತಿ ನಾಲೆಯ ನೀರು ಕೆಲವು ಭಾಗಗಳಿಗೆ ಮಾತ್ರ. ಇಲ್ಲಿ ಒಂದು ಊರನ್ನು ಆರಿಸಿಕೊಂಡು ಕೆರೆ, ಬಾವಿ, ಕೊಳವೆಬಾವಿ, ಕಿರುನೀರು ತೊಟ್ಟಿ, ನಲ್ಲಿಗಳನ್ನು ಗುರುತಿಸಬೇಕು. ಪ್ರತಿಯೊಂದರ ಪಕ್ಕದಲ್ಲಿ ಮೂರು ಸಂಗತಿ ಬರೆಯಬೇಕು: ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಹೊರುವವರು ಯಾರು. ನಲ್ಲಿ ಇದೆ ಎಂಬುದೂ ನಲ್ಲಿಯಲ್ಲಿ ನೀರಿದೆ ಎಂಬುದೂ ಒಂದೇ ಅಲ್ಲ. ಬೆಳಗಿನ ನೀರು ಶಾಲೆಯ ಹೊತ್ತಿಗೇ ಬಂದರೆ ಕೊಡ ಹಿಡಿದು ನಿಲ್ಲುವುದು ಮನೆಯ ಹುಡುಗಿ. ಅವಳ ಗೈರುಹಾಜರಿಯ ಕಾರಣ ಶಾಲೆಯ ಕಡತದಲ್ಲಿ ಸಿಗುವುದಿಲ್ಲ, ಈ ನಕ್ಷೆಯಲ್ಲಿ ಸಿಗುತ್ತದೆ.

ಬರೆಯುವುದು ಹೇಗೆ?

ಮೊದಲು ನೆನಪಿನ ನಕ್ಷೆ. ಪ್ರಶಿಕ್ಷಣಾರ್ಥಿಗಳು ಎಲ್ಲಿಗೂ ಹೋಗದೆ, ಯಾರನ್ನೂ ಕೇಳದೆ ತಮ್ಮ ತಮ್ಮ ಊರಿನ ನಕ್ಷೆಯನ್ನು ಹಾಳೆಯ ಮೇಲೆ ಬರೆಯಲಿ. ದೇವಸ್ಥಾನ, ಅರಳಿಕಟ್ಟೆ, ಡೇರಿ, ಶಾಲೆ, ತಮ್ಮ ಮನೆ ಮೊದಲು ಬರುತ್ತವೆ. ಆಮೇಲೆ ಎಲ್ಲರ ಹಾಳೆಗಳನ್ನೂ ಗೋಡೆಗೆ ಅಂಟಿಸಿ ಯಾವುದು ಬಿಟ್ಟುಹೋಗಿದೆ ಎಂದು ಹುಡುಕಬೇಕು. ಕೇರಿಯನ್ನು ಎಷ್ಟು ಜನ ಬರೆದಿದ್ದಾರೆ? ಸ್ಮಶಾನವನ್ನು? ಹೆಂಗಸರ ಶೌಚಾಲಯವನ್ನು? ಹೊರಗಿನಿಂದ ಬಂದ ಕೂಲಿಯವರ ಗುಡಿಸಲನ್ನು? ಬೇಕೆಂದೇ ಯಾರೂ ಬಿಟ್ಟಿರುವುದಿಲ್ಲ. ಕಣ್ಣಿಗೆ ಕಂಡರೂ ಮನಸ್ಸಿಗೆ ಕಾಣದೆ ಹೋದದ್ದು ಅದು. ಇಡೀ ಚಟುವಟಿಕೆಯಲ್ಲಿ ಅತಿ ಮುಖ್ಯ ಗಳಿಗೆ ಇದೇ. ನಾಳೆ ತರಗತಿಯಲ್ಲಿ ಅದೇ ಮಕ್ಕಳನ್ನು ಕಾಣದೆ ಹೋಗುವ ಅಪಾಯ ಇಲ್ಲಿಯೇ ಅರಿವಿಗೆ ಬರುತ್ತದೆ.

ಎರಡನೆಯದು ಹೆಜ್ಜೆಯ ಅಳತೆ. ಹುರಿ ಹಿಡಿದು 100 ಮೀಟರ್ ಗುರುತು ಮಾಡಿಕೊಂಡು ಸಹಜವಾಗಿ ನಡೆದು ಹೆಜ್ಜೆ ಎಣಿಸಬೇಕು. 140 ಹೆಜ್ಜೆಯಾದರೆ ಒಂದು ಹೆಜ್ಜೆ ಸುಮಾರು 71 ಸೆಂಟಿಮೀಟರ್. ಮೂರು ಸಲ ನಡೆದು ಸರಾಸರಿ ತೆಗೆದರೆ ತಪ್ಪು ಕಡಿಮೆ. ನಂತರ ಎಂಟು ವರ್ಷದ ಮಗುವಿನೊಂದಿಗೆ ಅದೇ ದಾರಿ ನಡೆದು ಹೆಜ್ಜೆ ಮತ್ತು ಹೊತ್ತು ಎರಡನ್ನೂ ಬರೆದುಕೊಳ್ಳಬೇಕು. ದೊಡ್ಡವರ ಕಾಲಿನ ದೂರವೂ ಮಕ್ಕಳ ಕಾಲಿನ ದೂರವೂ ಬೇರೆ ಎಂಬುದು ಅಂಕಿಯಲ್ಲೇ ತಿಳಿಯುತ್ತದೆ.

ಮೂರನೆಯದು ವೃತ್ತ. ಶಾಲೆಯನ್ನು ಕೇಂದ್ರವಾಗಿಟ್ಟು ಕೈವಾರದಿಂದ 1 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯಬೇಕು. ಕ್ಷೇತ್ರಫಲ 3.14 ಚದರ ಕಿಲೋಮೀಟರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅಡಿ 2010ರಲ್ಲಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಎನ್ನುತ್ತವೆ. ಅದು ನಡಿಗೆಯ ದೂರ, ಹಕ್ಕಿ ಹಾರುವ ದೂರವಲ್ಲ. ದಾರಿಯಲ್ಲಿ ಮಕ್ಕಳಿಗೆ ಅಪಾಯವಿದ್ದರೆ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕೆಂದೂ ಆ ನಿಯಮಗಳಲ್ಲಿದೆ. ಈಗ ಶಾಲೆಯಿಂದ ಎಲ್ಲ ದಿಕ್ಕಿಗೂ 20 ನಿಮಿಷ ನಡೆದು ತಲುಪಿದ ಬಿಂದುಗಳನ್ನು ಗುರುತಿಸಿ ಒಂದಕ್ಕೊಂದು ಸೇರಿಸಬೇಕು. ದುಂಡಗಿನ ವೃತ್ತ ಸೊಟ್ಟ ಹಲಸಿನಕಾಯಿಯಂತಾಗುತ್ತದೆ. ಎಲ್ಲಿ ಒಳಕ್ಕೆ ಒತ್ತಿದೆಯೋ ಅಲ್ಲಿ ನಾಲೆಯೋ ಹಳ್ಳವೋ ಹೆದ್ದಾರಿಯೋ ಇರುತ್ತದೆ. ಕೆಲವೊಮ್ಮೆ ಏನೂ ಇರುವುದಿಲ್ಲ. ‘ಆ ಬೀದಿಯಲ್ಲಿ ನಾವು ಹೋಗಲ್ಲ ಸಾ’ ಎಂಬ ಮಾತು ಮಾತ್ರ ಇರುತ್ತದೆ. ಅದನ್ನೂ ಬರೆದುಕೊಳ್ಳಬೇಕು.

ನಾಲ್ಕನೆಯದು ಕಾರಣ ಹುಡುಕುವುದು. ಸೇತುವೆ ಅಲ್ಲೇ ಏಕೆ ಬಂತು? ಶಾಲೆಗೆ ಜಾಗ ಕೊಟ್ಟವರು ಯಾರು? ಅಂಗನವಾಡಿ ಯಾವ ಬೀದಿಯಲ್ಲಿದೆ, ಏಕೆ? ಊರಿನ ಅಜ್ಜ ಅಜ್ಜಿಯರು, ಪಂಚಾಯಿತಿಯವರು, ನೀರುಗಂಟಿ, ಆಶಾ ಕಾರ್ಯಕರ್ತೆ ಎಲ್ಲರನ್ನೂ ಕೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಪರಿಶೀಲಿಸಬೇಕು. ಪ್ರಯೋಗಶಾಲೆಯ ಶಿಸ್ತು ಇಲ್ಲೂ ಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ ಎಂದು ಮೂರು ಅಂಕಣ ಹಾಕಿ ಬರೆಯಬೇಕು.

ಬಿ.ಇಡಿ. ಈಗ ಎರಡು ವರ್ಷದ್ದು. ಅದರಲ್ಲಿ 20 ವಾರ ಶಾಲೆಯೊಂದಿಗೆ ಕಳೆಯಬೇಕೆಂದು 2014ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ನಿಯಮಾವಳಿ ಹೇಳಿತು. ಡಿ.ಎಲ್.ಇಡಿ. ವಿದ್ಯಾರ್ಥಿಗಳಿಗೂ ಶಾಲಾನುಭವ ಕಡ್ಡಾಯ. ಆ ವಾರಗಳಲ್ಲಿ ನಾಲ್ಕು ಸಂಜೆ ಇದಕ್ಕೆ ಸಾಕು. ಸಮಾಜ ವಿಜ್ಞಾನದವರಿಗೆ ಮಾತ್ರ ಎಂದೇನಿಲ್ಲ. ಅಳತೆ ಗಣಿತದ್ದು, ನೀರು ವಿಜ್ಞಾನದ್ದು, ಊರಿನ ಹೆಸರಿನ ಕತೆ ಕನ್ನಡದ್ದು.

ನಕ್ಷೆ ಮಾತಾಡಿದ ಕತೆಗಳು

ಇಂಥ ನಕ್ಷೆಗಳಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಹಳೆಯ ಉತ್ತರಗಳಿವೆ. 1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಲೆಕ್ಕಹಾಕಿದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಗುಂಪುಗೂಡಿದ್ದವು. ಪಂಪಿನ ಹಿಡಿಯನ್ನು ತೆಗೆಸಲಾಯಿತು. ಮುಂದೆ ಅವರು ಪ್ರಕಟಿಸಿದ ನಕ್ಷೆ ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಪಾಠ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1960ರ ದಶಕದ ಕೊನೆಗೆ ವಿಲಿಯಂ ಬಂಗಿ ಎಂಬ ಭೂಗೋಳ ಶಾಸ್ತ್ರಜ್ಞ ಮತ್ತು ಗ್ವೆಂಡಲಿನ್ ವಾರೆನ್ ಎಂಬ ಕಪ್ಪು ತರುಣಿ ಸ್ಥಳೀಯ ಯುವಕರನ್ನು ಕಟ್ಟಿಕೊಂಡು ಬೀದಿಗಿಳಿದರು. ಸಿರಿವಂತ ಉಪನಗರದಿಂದ ಕಚೇರಿಗಳಿಗೆ ಧಾವಿಸುವ ಕಾರುಗಳು ಕಪ್ಪು ಜನರ ಬಡಾವಣೆಗಳಲ್ಲಿ ಮಕ್ಕಳನ್ನು ಎಲ್ಲೆಲ್ಲಿ ಬಲಿ ತೆಗೆದುಕೊಂಡವು ಎಂದು ಅವರ ತಂಡ ನಕ್ಷೆ ಬರೆಯಿತು. ಬಿಡಿ ಬಿಡಿಯಾಗಿ ‘ಅಪಘಾತ’ ಎನಿಸಿಕೊಂಡಿದ್ದ ಸಾವುಗಳು ಒಂದೇ ರಸ್ತೆಯ ಮೇಲೆ ಸಾಲಾಗಿ ನಿಂತವು. ಡೆಟ್ರಾಯಿಟಿನ ಆ ರಸ್ತೆಗೂ ಪಾಂಡವಪುರದ ನಾಲೆ ಏರಿಗೂ ಸಾವಿರಾರು ಮೈಲಿ. ಪಾಠ ಮಾತ್ರ ಒಂದೇ.

ನೆರೆಯ ಕೇರಳದಲ್ಲಿ 1990ರ ದಶಕದ ಆರಂಭದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಮೊದಲಾದ ಪಂಚಾಯಿತಿಗಳಲ್ಲಿ ಊರಿನವರಿಂದಲೇ ನೆಲ, ಜಲಗಳ ನಕ್ಷೆ ಬರೆಸಿತು. 1996ರಲ್ಲಿ ಆರಂಭವಾದ ಕೇರಳದ ಜನತಾ ಯೋಜನೆಗೆ ಆ ಅನುಭವ ನೆರವಾಯಿತು. ನಮ್ಮಲ್ಲೂ ಮೈರಾಡದಂಥ ಸಂಸ್ಥೆ ಊರಿನವರನ್ನು ಕೂರಿಸಿಕೊಂಡು ನೆಲದ ಮೇಲೆ ರಂಗೋಲಿಪುಡಿ, ಕಡ್ಡಿ, ಕಲ್ಲುಗಳಲ್ಲಿ ನಕ್ಷೆ ಬರೆಸುವ ಪದ್ಧತಿಯನ್ನು ಬೆಳೆಸಿದೆ. ಪೆನ್ಸಿಲ್ ಹಿಡಿಯದ ಅಜ್ಜಿಯೂ ಆ ನಕ್ಷೆಯನ್ನು ತಿದ್ದಬಲ್ಲಳು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಇಂಥ ನಕ್ಷೆ ಒಳ್ಳೆಯ ಯೋಜನೆಯಾಗಬಲ್ಲದು.

ಎಚ್ಚರಿಕೆಯ ಮಾತು

ನಕ್ಷೆ ಒಂದು ಹರಿತವಾದ ಉಪಕರಣ. ಮನೆಗಳ ಮೇಲೆ ಜಾತಿಯ ಹೆಸರು ಬರೆದು ಗೋಡೆಗೆ ತೂಗುಹಾಕಿದರೆ ಅದು ನ್ಯಾಯದ ಪಾಠವಲ್ಲ, ಹೊಸ ಅವಮಾನ. ಗುರುತಿಸಬೇಕಾದ್ದು ಸೌಲಭ್ಯಗಳನ್ನು, ದಾರಿಯನ್ನು, ಹೊತ್ತನ್ನು. ಹೆಣ್ಣುಮಕ್ಕಳು ತಮಗೆ ಅಂಜಿಕೆಯಾಗುವ ಜಾಗ ಯಾವುದೆಂದು ಹೇಳಿದರೆ ಅದನ್ನು ಹೇಳಿದವರ ಹೆಸರಿಲ್ಲದೆ ಬರೆದುಕೊಳ್ಳಬೇಕು, ಊರಿಗೆಲ್ಲ ಸಾರಬಾರದು. ಮೊಬೈಲಿನ ನಕ್ಷೆಯನ್ನು ಬೇಕಾದರೆ ತಾಳೆ ನೋಡಲು ಬಳಸಬಹುದು. ಮೊದಲೇ ಅದನ್ನು ತೆರೆದರೆ ನಡೆಯುವ ಕಾಲು ಸೋಮಾರಿಯಾಗುತ್ತದೆ. ನಡೆಯುವಾಗ ಸಿಗುವ ಮಾತುಕತೆಯೂ ತಪ್ಪಿಹೋಗುತ್ತದೆ.

ಇನ್ನೊಂದು ಮಾತು. ನಕ್ಷೆ ಸೇತುವೆ ಕಟ್ಟುವುದಿಲ್ಲ. ಅದನ್ನು ಶಾಲಾಭಿವೃದ್ಧಿ ಸಮಿತಿಯ ಮುಂದೆ, ಗ್ರಾಮಸಭೆಯ ಮುಂದೆ, ಮಕ್ಕಳ ಗ್ರಾಮಸಭೆಯ ಮುಂದೆ ಇಡಬೇಕು. ‘ನಮ್ಮೂರಿಗೆ ಸೇತುವೆ ಬೇಕು’ ಎಂಬ ಅರ್ಜಿಗಿಂತ ‘ಈ 11 ಮಕ್ಕಳು ದಿನಕ್ಕೆ ಇಷ್ಟು ಮೀಟರ್ ಹೆಚ್ಚು ನಡೆಯುತ್ತಾರೆ, ಇಲ್ಲಿ ನೋಡಿ’ ಎಂದು ಹಾಳೆ ಬಿಡಿಸಿದರೆ ಮಾತಿಗೆ ತೂಕ ಬರುತ್ತದೆ. ಆದರೂ ಸೇತುವೆ ಬರಲು ವರ್ಷಗಳು ಬೇಕಾಗಬಹುದು, ಬಾರದೆಯೂ ಇರಬಹುದು. ಅಲ್ಲಿಯವರೆಗೆ ಶಿಕ್ಷಕರ ಕೈಯಲ್ಲೇ ಇರುವ ಕೆಲವು ಕೆಲಸಗಳಿವೆ. ಮೊದಲ ಅವಧಿಯ ಮುಖ್ಯ ಪಾಠವನ್ನು ಹತ್ತು ನಿಮಿಷ ತಡವಾಗಿ ಆರಂಭಿಸಬಹುದು. ದೂರದ ಮಕ್ಕಳು ಗುಂಪಾಗಿ ಬರುವಂತೆ ಹೊಂದಿಸಬಹುದು. ತಡವಾಗಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸದಿರಬಹುದು. ಕೊನೆಯ ಸಾಲಿನಲ್ಲಿ ಯಾರು ಯಾವಾಗಲೂ ಕೂರುತ್ತಾರೆ ಎಂದು ತರಗತಿಯದೇ ಒಂದು ನಕ್ಷೆ ಬರೆದುಕೊಂಡು ನೋಡಬಹುದು.

ತಂದೆ ತಾಯಿಗಳಿಗೂ ಇದರಲ್ಲಿ ಪಾಲಿದೆ. ಭಾನುವಾರ ಮಗುವಿನ ಜೊತೆ ಶಾಲೆಯವರೆಗೆ ನಡೆದು, ಮನೆಗೆ ಬಂದು ಆ ದಾರಿಯನ್ನು ಮಗುವಿನ ಕೈಯಲ್ಲಿ ಬರೆಸಿ. ಎಲ್ಲಿ ನಾಯಿ, ಎಲ್ಲಿ ಲಾರಿ, ಎಲ್ಲಿ ನೆರಳು, ಯಾರ ಮನೆಯಲ್ಲಿ ನೀರು ಕೊಡುತ್ತಾರೆ ಎಂದು ಅದು ಹೇಳುತ್ತಾ ಹೋಗುತ್ತದೆ. ನಂತರ ಒಂದು ಪ್ರಶ್ನೆ ಕೇಳಿ: ‘ನಿನ್ನ ತರಗತಿಯಲ್ಲಿ ಎಲ್ಲರಿಗಿಂತ ದೂರದಿಂದ ಬರುವವರು ಯಾರು?’ ಉತ್ತರ ಗೊತ್ತಿಲ್ಲದಿದ್ದರೆ ಮರುದಿನ ಕೇಳಿಕೊಂಡು ಬರಲಿ.

ಬಾಗಿಲಲ್ಲಿ ನಿಂತ ಆ ಹುಡುಗ ನಾಳೆಯೂ ತಡವಾಗಿಯೇ ಬರುತ್ತಾನೆ. ಆದರೆ ಒಂದು ಸಂಜೆ ಅವನ ಜೊತೆ ಏರಿಯ ಮೇಲೆ ಸೇತುವೆಯವರೆಗೆ ನಡೆದು, ದಾಟಿ, ಅವನ ಮನೆಯ ಜಗಲಿಯಲ್ಲಿ ಕುಳಿತು ನೀರು ಕುಡಿದು ಬಂದ ಶಿಕ್ಷಕರು ‘ಇವತ್ತೂ ತಡವೇ?’ ಎಂದು ಕೇಳಲಾರರು. ‘ಬಾಪ್ಪ, ಕೂತ್ಕೊ’ ಎನ್ನುತ್ತಾರೆ.